ಕಾಲ್ಚೆಂಡಾಟದ ತಂಡವನ್ನೂ ಅದರ ಶಿಕ್ಷಕರನ್ನೂ ಅಂಕಿಗಳಿಂದ ಅಳೆಯುವ ವಿಧಾನ

ಪಂದ್ಯವೊಂದು ಮುಗಿದೊಡನೆ ಗೆದ್ದವರ ಶಿಕ್ಷಕರನ್ನು ಕೊಂಡಾಡುವುದೂ ಸೋತವರ ಶಿಕ್ಷಕರನ್ನು ಹಳಿಯುವುದೂ ಲೋಕದ ವಾಡಿಕೆಯಾಗಿರುವುದು. ನಮ್ಮ ಗಾಂಧಿನಗರದ ಮನೆಗಳಲ್ಲಿಯೂ ಈ ವಾಡಿಕೆಗೆ ಕೊರತೆಯಿಲ್ಲ. ಕಾಲ್ಚೆಂಡಾಟವಾದರೂ ಈಗ ನಮ್ಮ ಜಿಲ್ಲೆಗೆ ದೂರದ ವಿಷಯವಲ್ಲ. ಬಳ್ಳಾರಿಯ ಪಶ್ಚಿಮಕ್ಕೆ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯಿರುವ ವಿಜಯನಗರದಲ್ಲಿ, ೨೦೧೮ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾಸಂಸ್ಥೆಯು ತೆರೆಯಲ್ಪಟ್ಟಿತು. ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಎಳೆಯ ಆಟಗಾರರು ವಾಸವಿದ್ದು ಅಭ್ಯಾಸಮಾಡಿದ್ದೂ ಅಲ್ಲಿಯೇ. ಆದಕಾರಣ ಒಂದು ತಂಡವನ್ನೂ ಅದರ ಶಿಕ್ಷಕರನ್ನೂ ನ್ಯಾಯವಾಗಿ ತೂಗಿನೋಡುವ ಬಗೆ ಹೇಗೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಸಂಕ್ಷೇಪವಾಗಿ ಇಡುವೆವು. ಇದು ಬರಿಯ ವಿನೋದದ ಮಾತಲ್ಲ. ದುಡುಕಿನ ತೀರ್ಪಿನಿಂದ ಒಬ್ಬರ ಜೀವನೋಪಾಯವು ಹೋಗಬಹುದು; ಒಂದು ಸೋಲಿನ ನೆವದಿಂದ ಹುಡುಗಿಯರ ಆಟವೇ ನಿಂತುಹೋಗಬಹುದು.

ಮೊದಲು ಬೆಂಗಳೂರಿನ ಆ ಕ್ಲಬ್ಬಿನ ಎರಡು ವರ್ಷಗಳನ್ನೇ ನೋಡೋಣ. ೨೦೧೭–೧೮ರಲ್ಲಿ ಅದು ಇಂಡಿಯನ್ ಸೂಪರ್ ಲೀಗಿನಲ್ಲಿ ಮೊದಲಬಾರಿಗೆ ಆಡಿತು. ಆಗ ಸ್ಪೇನ್ ದೇಶದ ಆಲ್ಬರ್ಟ್ ರೋಕಾ ಎಂಬವರು ಶಿಕ್ಷಕರು. ೧೮ ಪಂದ್ಯಗಳಲ್ಲಿ ೧೩ನ್ನು ಗೆದ್ದು, ಒಂದನ್ನು ಸಮಮಾಡಿಕೊಂಡು, ೪ನ್ನು ಸೋತು, ೪೦ ಅಂಕಗಳೊಡನೆ ತಂಡವು ಪ್ರಥಮಸ್ಥಾನಕ್ಕೆ ಬಂತು. ದ್ವಿತೀಯಸ್ಥಾನದ ಚೆನ್ನೈಯಿನ್ ತಂಡಕ್ಕೆ ಬಂದವು ೩೨ ಮಾತ್ರ. ಆದರೆ ೨೦೧೮ನೆಯ ಮಾರ್ಚ್ ೧೭ರಂದು, ತನ್ನ ಸ್ವಂತ ಅಂಗಣವಾದ ಕಂಠೀರವದಲ್ಲಿಯೇ, ಅಂತಿಮ ಪಂದ್ಯವನ್ನು ಬೆಂಗಳೂರು ೨–೩ ಗೋಲುಗಳಿಂದ ಅದೇ ಚೆನ್ನೈಯಿನ್ ತಂಡಕ್ಕೆ ಒಪ್ಪಿಸಿತು. ಮರುವರ್ಷ ರೋಕಾರವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್‌ರವರು ಶಿಕ್ಷಕರಾದರು. ಆಗ ೧೦ ಗೆಲುವು, ೪ ಸಮ, ೪ ಸೋಲು, ಒಟ್ಟು ೩೪ ಅಂಕ. ಆದರೂ ೨೦೧೯ನೆಯ ಮಾರ್ಚ್ ೧೭ರಂದು ಮುಂಬಯಿಯಲ್ಲಿ ಗೋವಾ ತಂಡದ ಮೇಲೆ ಹೆಚ್ಚುವರಿ ಸಮಯದಲ್ಲಿ ಹೊಡೆದ ಒಂದೇ ಗೋಲಿನಿಂದ ಕಪ್ಪು ಕೈಸೇರಿತು.

ಇವರಿಬ್ಬರಲ್ಲಿ ಯಾರು ಮೇಲು? ಕಪ್ಪನ್ನು ನೋಡುವವರು ಕ್ವಾದ್ರಾತ್ ಎನ್ನುವರು. ಅಂಕಗಳನ್ನು ನೋಡುವವರು ರೋಕಾ ಎನ್ನುವರು. ಸಂಖ್ಯಾಶಾಸ್ತ್ರವು ಇಬ್ಬರನ್ನೂ ತಡೆದು ಮೂರು ಪ್ರಶ್ನೆಗಳನ್ನು ಕೇಳುವುದು.

ಮೊದಲನೆಯದು: ಎಷ್ಟು ಪಂದ್ಯಗಳ ಮೇಲೆ ಈ ತೀರ್ಪು? ಕಾಲ್ಚೆಂಡಾಟದಲ್ಲಿ ಗೋಲುಗಳು ಬಹು ವಿರಳ. ಕಂಬಕ್ಕೆ ತಗಲಿದ ಒಂದು ಚೆಂಡು ಇಡೀ ಪಂದ್ಯವನ್ನು ತಿರುಗಿಸಬಹುದು. ಗೆಲುವಿಗೆ ೩, ಸಮಕ್ಕೆ ೧ ಎಂಬ ಎಣಿಕೆಯಲ್ಲಿ, ಮೇಲಿನಂಥ ತಂಡದ ಸಾಮರ್ಥ್ಯವು ಎಳ್ಳಷ್ಟೂ ಬದಲಾಗದೆ ಇದ್ದರೂ ೧೮ ಪಂದ್ಯಗಳ ಮೊತ್ತವು ಅದೃಷ್ಟವೊಂದರಿಂದಲೇ ಐದಾರು ಅಂಕ ಮೇಲೆ ಕೆಳಗೆ ಆಗುವುದು ಸಹಜವೆಂದು ಗಣಿತದಿಂದ ತಿಳಿಯುವುದು. ಎರಡು ವರ್ಷಗಳನ್ನು ಹೋಲಿಸುವಾಗಲಂತೂ ಏಳೆಂಟು ಅಂಕಗಳ ಅಂತರವು ಸಹ ಆಶ್ಚರ್ಯಕರವಲ್ಲ. ೪೦ಕ್ಕೂ ೩೪ಕ್ಕೂ ಇರುವ ಅಂತರವು ೬. ಅಂದಮೇಲೆ ಅದರಿಂದ ಒಬ್ಬರು ಮೇಲೆಂದೂ ಇನ್ನೊಬ್ಬರು ಕೀಳೆಂದೂ ಸಾಧಿಸಲಾಗದು. ಒಂದೇ ಅಂತಿಮ ಪಂದ್ಯದಿಂದ ಸಾಧಿಸುವ ಮಾತು ದೂರವೇ ಉಳಿಯಿತು. ಇನ್ನು ವರ್ಷಕ್ಕೆ ಐದೇ ಪಂದ್ಯಗಳನ್ನಾಡುವ ಪಾಠಶಾಲೆಯ ತಂಡದ ಪಾಡೇನು? ಪ್ರತಿಸಾರಿಯೂ ಸರಿಸಮನಾದವರೊಡನೆ ಆಡಿ, ಯಾವ ಪಂದ್ಯವೂ ಸಮವಾಗದೆ ಇದ್ದರೆ, ಐದರಲ್ಲಿ ನಾಲ್ಕನ್ನಾದರೂ ಸೋಲುವ ಸಂಭವವು ೩೨ರಲ್ಲಿ ೬ ಪಾಲು. ಯಾರ ದೋಷವೂ ಇಲ್ಲದೆ ಸುಮಾರು ಐದು ವರ್ಷಕ್ಕೊಮ್ಮೆ ಅಂಥ ಕೆಟ್ಟ ಕಾಲ ಬಂದೇ ಬರುವುದು.

ಎರಡನೆಯದು: ಯಾರ ಎದುರಿನ ಗೆಲುವು? ಈ ತೊಡಕು ಅಮೆರಿಕದ ಕಾಲೇಜುಗಳಲ್ಲಿ ಬಹು ದೊಡ್ಡದು. ಅಲ್ಲಿಯ ಫುಟ್‌ಬಾಲು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆ ಆಟ. ಮೇಲ್ದರ್ಜೆಯ ಕಾಲೇಜು ತಂಡಗಳು ನೂರಕ್ಕೂ ಮಿಕ್ಕಿರುವುವು. ಆದರೆ ಒಂದೊಂದು ತಂಡವೂ ನಿಯತಕಾಲದಲ್ಲಿ ಆಡುವುದು ಸುಮಾರು ೧೨ ಪಂದ್ಯಗಳನ್ನು ಮಾತ್ರ. ಎದುರುಬದುರಾಗಿ ನಿಲ್ಲದವರನ್ನು ಹೋಲಿಸುವುದೆಂತು? ೧೯೯೮ರಿಂದ ಕೆಲವು ಕಾಲ ಗಣಕಯಂತ್ರಗಳ ಪಟ್ಟಿಗಳನ್ನು ಜನರ ಮತಗಳೊಡನೆ ಕೂಡಿಸಿ ಶ್ರೇಷ್ಠ ತಂಡಗಳನ್ನು ಆರಿಸುತ್ತಿದ್ದರು. ೨೦೧೪ರಿಂದ ಆ ಕೆಲಸವನ್ನು ೧೩ ಮಂದಿಯ ಸಮಿತಿಗೆ ಒಪ್ಪಿಸಿದರು. ಇಂಥ ಪಟ್ಟಿಗಳಲ್ಲಿ ಸುಲಭವಾಗಿ ತಿಳಿಯುವಂಥದು, ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅರ್ಪಾದ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಚದುರಂಗಕ್ಕಾಗಿ ಕಲ್ಪಿಸಿದ ಕ್ರಮ. ಇದರಲ್ಲಿ ಪಂದ್ಯಕ್ಕೆ ಮುಂಚೆಯೇ ಪ್ರತಿಯೊಬ್ಬರ ಗೆಲುವಿನ ನಿರೀಕ್ಷೆಯನ್ನು ಲೆಕ್ಕಹಾಕುವರು. ನಿರೀಕ್ಷೆಗಿಂತ ಹೆಚ್ಚು ಸಾಧಿಸಿದವರ ಅಂಕ ಏರುವುದು, ಕಡಮೆ ಸಾಧಿಸಿದವರದು ಇಳಿಯುವುದು. ಬಲಿಷ್ಠರನ್ನು ಸೋಲಿಸಿದರೆ ಲಾಭ ಬಹಳ, ದುರ್ಬಲರನ್ನು ಸೋಲಿಸಿದರೆ ಅತ್ಯಲ್ಪ. ಅಂತರರಾಷ್ಟ್ರೀಯ ಸಂಘವಾದ ಫೀಫಾ ಈ ಕ್ರಮವನ್ನು ಸ್ತ್ರೀಯರ ತಂಡಗಳಿಗೆ ೨೦೦೩ರಲ್ಲಿಯೇ ಅಳವಡಿಸಿತು. ಪುರುಷರ ತಂಡಗಳು ಅದಕ್ಕಾಗಿ ೨೦೧೮ರ ವರೆಗೆ ಕಾಯಬೇಕಾಯಿತೆಂಬುದು ನಮ್ಮ ಹುಡುಗಿಯರಿಗೆ ಸಂತೋಷದ ವಾರ್ತೆ.

ಮೂರನೆಯದು: ಎಷ್ಟರಲ್ಲಿ ಎಷ್ಟು? ಇಂಗ್ಲೆಂಡಿನ ವಾಯುಸೇನೆಯಲ್ಲಿ ಲೆಕ್ಕಾಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ ಎಂಬವರು ೧೯೫೦ರಲ್ಲಿ ಸ್ವಿಂಡನ್ ನಗರದ ಪಂದ್ಯವೊಂದರಿಂದ ಆರಂಭಿಸಿ, ಚೆಂಡಿನ ಪ್ರತಿಯೊಂದು ನಡೆಯನ್ನೂ ಕಾಗದದ ಮೇಲೆ ಗುರುತಿಸುತ್ತ ಬಂದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕೂ ಕಡಮೆ ಸಾಗಿಸುವಿಕೆಗಳ ಬಳಿಕ ಬಂದುವೆಂದು ಕಂಡು, ಚೆಂಡನ್ನು ಬೇಗನೆ ಮುಂದಕ್ಕೆ ಒದೆಯುವುದೇ ಮೇಲೆಂದು ಬೋಧಿಸಿದರು. ಶ್ರಮವು ಶ್ಲಾಘ್ಯ, ಆದರೆ ತೀರ್ಮಾನವು ನಿಲ್ಲಲಿಲ್ಲ. ಯಾಕಂದರೆ ಆಟದಲ್ಲಿ ಬಹುಪಾಲು ನಡೆಗಳೇ ಗಿಡ್ಡವಾದವು. ನೂರು ಮಂದಿಯ ತರಗತಿಯಲ್ಲಿ ಹತ್ತು ಮಂದಿಯೂ ಇಪ್ಪತ್ತು ಮಂದಿಯ ತರಗತಿಯಲ್ಲಿ ಐದು ಮಂದಿಯೂ ಪ್ರಥಮದರ್ಜೆಯಲ್ಲಿ ತೇರ್ಗಡೆಯಾದರೆ, ಹತ್ತು ದೊಡ್ಡದೆಂದು ಮೊದಲನೆಯ ತರಗತಿಯನ್ನು ಹೊಗಳುವುದು ಸರಿಯೇ? ನೂರಕ್ಕೆ ಹತ್ತಕ್ಕಿಂತ ನೂರಕ್ಕೆ ಇಪ್ಪತ್ತೈದು ಮೇಲಲ್ಲವೇ? ಮುಂದಿನ ಸಂಶೋಧಕರು ಹೀಗೆ ಭಾಗಿಸಿ ನೋಡಿದಾಗ, ತಾಳ್ಮೆಯಿಂದ ಚೆಂಡನ್ನು ಅನೇಕಸಾರಿ ಸಾಗಿಸಿದ ನಡೆಗಳೇ ಹೆಚ್ಚು ಫಲಕಾರಿಯಾಗಿ ಕಂಡವು.

ಶಿಕ್ಷಕರ ವಿಷಯದಲ್ಲಿ ಮತ್ತೊಂದು ಎಚ್ಚರವು ಅವಶ್ಯ. ತಂಡವು ಅತಿ ಕೆಟ್ಟದಾಗಿ ಆಡಿದಾಗಲೇ ಶಿಕ್ಷಕರನ್ನು ಬದಲಾಯಿಸುವುದು ರೂಢಿ. ಅತಿ ಕೆಟ್ಟ ಕಾಲದ ಹಿಂದೆ ಸ್ವಲ್ಪ ದುರದೃಷ್ಟವೂ ಇರುವುದರಿಂದ, ಯಾರನ್ನೂ ಬದಲಾಯಿಸದೆ ಇದ್ದರೂ ಮುಂದಿನ ಕಾಲವು ಬಹುಮಟ್ಟಿಗೆ ಸುಧಾರಿಸುವುದು. ಆ ಸುಧಾರಣೆಯ ಕೀರ್ತಿಯು ಹೊಸಬರಿಗೆ ಪುಕ್ಕಟೆಯಾಗಿ ದೊರೆಯುವುದು. ಹಳಬರಿಗೆ ಅಪಕೀರ್ತಿ ಮಾತ್ರ ಉಳಿಯುವುದು. ಆದಕಾರಣ ಶಿಕ್ಷಕರು ಎಂಥ ತಂಡವನ್ನು ಕೈಗೆತ್ತಿಕೊಂಡರು, ಎಂಥದನ್ನು ಬಿಟ್ಟುಕೊಟ್ಟರು, ಎಂಬೆರಡನ್ನೂ ಕೂಡಿಸಿಯೇ ನೋಡತಕ್ಕದ್ದು.

ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಪಾಠಶಾಲೆಯಲ್ಲಿ ಒಂದು ನೋಟುಪುಸ್ತಕವೂ ಒಬ್ಬ ಜಾಗರೂಕಳಾದ ಹುಡುಗಿಯೂ ಸಾಕು. ಎದುರಾಳಿ ಯಾರು, ಪಂದ್ಯ ಎಲ್ಲಿ, ಗೋಲಿನ ಕಡೆಗೆ ನಾವು ಒದೆದದ್ದೆಷ್ಟು, ಅವರು ಒದೆದದ್ದೆಷ್ಟು, ಎಂಬಿವನ್ನು ಪ್ರತಿಪಂದ್ಯಕ್ಕೂ ಬರೆದಿಡಲಿ. ಗೋಲುಗಳು ವಿರಳವಾದರೂ ಒದೆತಗಳು ಹೇರಳ. ತಂಡವು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದು ಜಯಾಪಜಯಗಳಿಗಿಂತ ಮುಂಚೆ ಅವುಗಳಲ್ಲಿಯೇ ತೋರುವುದು. ಆದರೂ ಅಂಜುತ್ತ ಬಂದ ಹುಡುಗಿಯು ಧೈರ್ಯ ಹೊಂದಿದ್ದು, ಸೋತಾಗಲೂ ಜೊತೆಯವಳನ್ನು ದೂರದೆ ಇದ್ದದ್ದು ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಅದನ್ನು ತಾಯಿತಂದೆಗಳೇ ನೋಡಿ ತಿಳಿಯಬೇಕು. ಮಿಕ್ಕದ್ದಕ್ಕೆ, ಹೊಗಳುವ ಮುನ್ನವೂ ಹಳಿಯುವ ಮುನ್ನವೂ, ಎಷ್ಟು ಪಂದ್ಯ, ಯಾರ ಎದುರು, ಎಷ್ಟರಲ್ಲಿ ಎಷ್ಟು, ಎಂಬ ಮೂರನ್ನು ಎಲ್ಲರೂ ಕೇಳುವಂತಾಗಲೆಂದು ನಾವು ಬೇಡುವೆವು.