ಕೃಷಿ ಹೊಂಡದಲ್ಲಿ ಟಿಲಾಪಿಯಾ: ಕುಂದಗೋಳಕ್ಕೆ ಲೆಕ್ಕ ಕೂಡೀತೇ?

ಜಗತ್ತಿನ ಸಾಕಣೆ ಮೀನುಗಳಲ್ಲಿ ಗೆಂಡೆ ಜಾತಿಗಳ ನಂತರದ ಸ್ಥಾನ ಟಿಲಾಪಿಯಾಕ್ಕೆ ಸಲ್ಲುತ್ತದೆ. ನೂರಕ್ಕೂ ಹೆಚ್ಚು ದೇಶಗಳಲ್ಲಿ ಸಾಕಲ್ಪಡುವ ಈ ಮೀನಿನ ವಾರ್ಷಿಕ ಉತ್ಪಾದನೆ 60 ಲಕ್ಷ ಟನ್ನುಗಳನ್ನು ಮೀರಿದೆ. ಚೀನಾ, ಇಂಡೋನೇಷ್ಯಾ ಹಾಗೂ ಈಜಿಪ್ಟ್ ಪ್ರಮುಖ ಉತ್ಪಾದಕ ರಾಷ್ಟ್ರಗಳಾಗಿದ್ದು, ಅಮೆರಿಕ ಬಹುದೊಡ್ಡ ಗ್ರಾಹಕ ರಾಷ್ಟ್ರವಾಗಿದೆ. ಚೀನಾದಿಂದ ಬರುವ ಶೀತಲೀಕರಿಸಿದ ಟಿಲಾಪಿಯಾದ ಮೇಲೆ ಅಮೆರಿಕವು 2018ರಲ್ಲಿ ಹೆಚ್ಚುವರಿ ಸುಂಕ ವಿಧಿಸಿದಾಗಿನಿಂದ ಇತರ ದೇಶಗಳ ಉತ್ಪಾದಕರಲ್ಲಿ ಹೊಸ ಆಸೆ ಚಿಗುರಿದೆ. ಕಡಲಿನಿಂದ ದೂರವಿರುವ, ಶಾಕಾಹಾರಿ ಕುಟುಂಬಗಳೇ ಹೆಚ್ಚಾಗಿರುವ ಕುಂದಗೋಳ ತಾಲೂಕಿನಲ್ಲಿ ಈ ವಿಷಯವನ್ನು ಚರ್ಚಿಸುವುದು ವಿಚಿತ್ರವೆನಿಸಬಹುದು. ಆದರೆ ತಿನ್ನುವವನೇ ಬೆಳೆಯಬೇಕೆಂಬ ನಿಯಮ ವ್ಯಾಪಾರದಲ್ಲಿಲ್ಲ.

ಈ ಮೀನು ಭಾರತಕ್ಕೆ ಹೊಸದಲ್ಲ. ಆಫ್ರಿಕಾ ಮೂಲದ ಮೊಜಾಂಬಿಕ್ ಟಿಲಾಪಿಯಾ 1952ರಲ್ಲಿಯೇ ಇಲ್ಲಿಗೆ ಬಂದಿತು. ದಕ್ಷಿಣ ಕರ್ನಾಟಕದ ಕೆರೆಗಳಲ್ಲಿ ‘ಜಿಲೇಬಿ’ ಎಂದು ಕರೆಯಲ್ಪಡುವುದು ಇದೇ. ಹೆಣ್ಣು ಮೀನು ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಎರಡು ಮೂರು ತಿಂಗಳಲ್ಲಿ ಪ್ರಾಯಕ್ಕೆ ಬಂದು ಮತ್ತೆ ಮತ್ತೆ ಮರಿಯಿಡುತ್ತದೆ. ಪರಿಣಾಮವಾಗಿ ಕೆರೆ ತುಂಬ ಮೀನು, ಆದರೆ ಯಾವುದೂ ಅಂಗೈಯಗಲವನ್ನು ಮೀರದು. ಸ್ಥಳೀಯ ಮೀನುಗಳ ಆಹಾರವನ್ನೂ ಇದು ಕಸಿದುಕೊಳ್ಳುವುದನ್ನು ಮನಗಂಡು 1959ರಲ್ಲಿ ಇದರ ಸಾಕಣೆಗೆ ನಿಷೇಧ ಹೇರಲಾಯಿತು.

ಮಾರುಕಟ್ಟೆಯ ದೃಷ್ಟಿಯಿಂದ ಬೇಕಾದುದು ಬೇರೆಯೇ ತಳಿ. 1988ರಲ್ಲಿ ಫಿಲಿಪೀನ್ಸ್‌ನಲ್ಲಿ ಆರಂಭವಾದ ಸಂಶೋಧನೆಯಿಂದ ನೈಲ್ ಟಿಲಾಪಿಯಾದ ಸುಧಾರಿತ ತಳಿ ‘ಗಿಫ್ಟ್’ ರೂಪುಗೊಂಡಿತು. ನಮ್ಮ ದೇಶದಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಅಂಗವಾದ ರಾಜೀವ್ ಗಾಂಧಿ ಜಲಕೃಷಿ ಕೇಂದ್ರವು ವಿಜಯವಾಡದ ಬಳಿಯ ಮಾಣಿಕೊಂಡದಲ್ಲಿ ಈ ತಳಿಯ ಮರಿಗಳನ್ನು ಉತ್ಪಾದಿಸಿದೆ. ಮರಿಗಳಿಗೆ ಮೊದಲ ಮೂರು ನಾಲ್ಕು ವಾರ ಹಾರ್ಮೋನುಯುಕ್ತ ಆಹಾರ ನೀಡಿ ಬಹುತೇಕ ಎಲ್ಲವನ್ನೂ ಗಂಡಾಗಿಸಲಾಗುತ್ತದೆ. ಗಂಡು ಬೇಗ ಬೆಳೆಯುತ್ತದೆ, ಮರಿಗಳ ಕಾಟವೂ ತಪ್ಪುತ್ತದೆ. ಮಾರ್ಗಸೂಚಿಯಂತೆ ಇಂತಹ ಸಾಕಣೆಗೆ ಮೀನುಗಾರಿಕೆ ಇಲಾಖೆಯ ಅನುಮತಿ ಪಡೆಯುವುದು ಕಡ್ಡಾಯ.

ನೀರಿನ ಪ್ರಶ್ನೆ

2014ರಲ್ಲಿ ಆರಂಭವಾದ ‘ಕೃಷಿ ಭಾಗ್ಯ’ ಯೋಜನೆಯಿಂದ ಒಣಬೇಸಾಯದ ತಾಲೂಕುಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಕುಂದಗೋಳದ ಎರಿಭೂಮಿಯಲ್ಲಿ ನೀರು ಇಂಗುವುದು ಕಡಿಮೆಯಾದ್ದರಿಂದ ಹೊಂಡಕ್ಕೆ ಈ ಮಣ್ಣು ಅನುಕೂಲಕರ. ಟಿಲಾಪಿಯಾ ಚೆನ್ನಾಗಿ ಬೆಳೆಯಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಆಗಸ್ಟ್‌ನಲ್ಲಿ ಮರಿ ಬಿಟ್ಟರೆ ಚಳಿ ಬಲಿಯುವ ಮುನ್ನ ನಾಲ್ಕು ತಿಂಗಳು ದೊರೆಯುತ್ತವೆ.

ಆದರೆ ಹೊಂಡವನ್ನು ತೋಡಿದ್ದು ಮೀನಿಗಾಗಿ ಅಲ್ಲ. ಮಳೆ ಕೈಕೊಟ್ಟಾಗ ಮೆಣಸಿನಕಾಯಿಗೆ, ಹತ್ತಿಗೆ, ಹಿಂಗಾರಿನ ಕಡಲೆಗೆ ಒಂದೆರಡು ಬಾರಿ ನೀರುಣಿಸುವುದು ಅದರ ಉದ್ದೇಶ. ಅಕ್ಟೋಬರ್-ನವೆಂಬರ್‌ನಲ್ಲಿ ಬೆಳೆ ನೀರು ಕೇಳುವ ಹೊತ್ತಿಗೇ ಮೀನು ಅರ್ಧ ಬೆಳೆದಿರುತ್ತದೆ. ಪಂಪು ಹಚ್ಚಿ ಅರ್ಧ ನೀರು ತೆಗೆದರೆ ಉಳಿದ ನೀರಿನಲ್ಲಿ ಮೀನಿನ ಸಾಂದ್ರತೆ ಇಮ್ಮಡಿಯಾಗಿ, ನಸುಕಿನಲ್ಲಿ ಆಮ್ಲಜನಕ ಸಾಲದೆ ಮೀನು ತೇಲಲಾರಂಭಿಸುತ್ತದೆ. ಯೋಜನಾ ವರದಿಗಳಲ್ಲಿ ಕಾಣಸಿಗದ ನಷ್ಟವಿದು.

ಉದಾಹರಣೆಗೆ 21 ಮೀಟರ್ ಉದ್ದ, ಅಷ್ಟೇ ಅಗಲದ ಹೊಂಡವನ್ನು ತೆಗೆದುಕೊಳ್ಳಬಹುದು. ಇಲ್ಲಿಯ ದರಗಳೆಲ್ಲ ಲೆಕ್ಕದ ಅನುಕೂಲಕ್ಕಾಗಿ ಹಿಡಿದವು. ಪ್ರತಿ ಚದರ ಮೀಟರಿಗೆ ಎರಡರಂತೆ 880 ಮರಿ ಬಿಟ್ಟು, 700 ಮೀನು ಉಳಿದು, ಪ್ರತಿಯೊಂದೂ 350 ಗ್ರಾಂ ತೂಗಿದರೆ ಇಳುವರಿ 245 ಕಿಲೋ. ಒಂದು ಕಿಲೋ ಮೀನಿಗೆ ಒಂದೂವರೆ ಕಿಲೋ ಆಹಾರ, ಆಹಾರಕ್ಕೆ ಕಿಲೋಗೆ 40 ರೂ. ಎಂದರೆ ವೆಚ್ಚ 14,700 ರೂ. ಸಾಗಾಣಿಕೆ ಸೇರಿ ಮರಿಯೊಂದಕ್ಕೆ 4 ರೂ.ನಂತೆ 3,520 ರೂ. ಕಿಲೋಗೆ 100 ರೂ.ನಂತೆ ಮಾರಿದರೆ ಬರುವುದು 24,500 ರೂ. ಬಲೆ, ಕೂಲಿ, ಮಂಜುಗಡ್ಡೆಯ ಖರ್ಚಿಗೆ ಮುನ್ನ ಉಳಿಯುವುದು 6,280 ರೂ. ಮಾರಾಟಕ್ಕೆ ಮುಂಚೆ ನಾಲ್ಕನೆಯ ಒಂದು ಭಾಗ ಸತ್ತರೆ ಆಹಾರದ ಹಣವಂತೂ ಹೋಗಿಯೇ ಇರುತ್ತದೆ. ಉಳಿಕೆ ನೂರೈವತ್ತು ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಕೊಳವೆ ಬಾವಿಯ ಆಸರೆಯಿಲ್ಲದ ಒಂಟಿ ಹೊಂಡದಲ್ಲಿ ಈ ಉದ್ಯೋಗಕ್ಕೆ ಸಾಲ ಮಾಡುವುದು ಉಚಿತವಲ್ಲ.

ನೆರೆಯ ಅಪಾಯವೂ ಉಂಟು. ಬೆಣ್ಣಿಹಳ್ಳ ಮಳೆಗಾಲದಲ್ಲಿ ಉಕ್ಕುವುದು ಈ ಭಾಗದ ಜನರಿಗೆ ಗೊತ್ತಿದ್ದದ್ದೇ. ಹಳ್ಳದ ದಂಡೆಯ ಹೊಂಡದಿಂದ ತಪ್ಪಿಸಿಕೊಂಡ ಮೀನು ಮಲಪ್ರಭೆ, ಕೃಷ್ಣೆಯವರೆಗೂ ಹೋಗಬಲ್ಲದು. ಹೊರಹರಿವಿಗೆ ಜಾಲರಿ ಅಳವಡಿಸಬೇಕೆಂಬ, ನೆರೆ ಬರುವ ಸ್ಥಳ ಬೇಡವೆಂಬ ಷರತ್ತುಗಳಿರುವುದು ಇದಕ್ಕಾಗಿಯೇ. ಟಿಲಾಪಿಯಾ ಸರೋವರ ವೈರಸ್ ರೋಗವು 2018ರಲ್ಲಿ ಭಾರತದಲ್ಲಿಯೂ ವರದಿಯಾಗಿರುವುದರಿಂದ ಮೂಲ ತಿಳಿಯದ ಅಗ್ಗದ ಮರಿಗಳನ್ನು ದೂರವಿಡುವುದು ಕ್ಷೇಮ.

ತೆರಿಗೆ ಮತ್ತು ಸಣ್ಣ ಉದ್ಯಮ

ಹೊಲದಲ್ಲಿಯೇ ಸಾಕಿದರೂ ಮೀನಿನ ಆದಾಯ ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲ, ಅದು ವ್ಯವಹಾರದ ಆದಾಯ. ಅನೇಕರು ಎಡವುವುದು ಇಲ್ಲಿಯೇ. ಕೃಷಿಯೇತರ ಆದಾಯವು ತೆರಿಗೆರಹಿತ ಮಿತಿಯನ್ನು ದಾಟಿ, ನಿವ್ವಳ ಕೃಷಿ ಆದಾಯ 5,000 ರೂ. ಮೀರಿದ್ದರೆ ದರ ನಿರ್ಧಾರಕ್ಕಾಗಿ ಎರಡನ್ನೂ ಕೂಡಿಸಲಾಗುತ್ತದೆ. ಆದ್ದರಿಂದ ಮೀನಿನ ಲೆಕ್ಕವನ್ನು ಮೊದಲ ದಿನದಿಂದಲೇ ಪ್ರತ್ಯೇಕವಾಗಿಡುವುದು ಅವಶ್ಯ.

ತಾಜಾ ಮೀನಿಗೆ ಜಿ.ಎಸ್.ಟಿ. ಇಲ್ಲ, ಮೀನಿನ ಆಹಾರಕ್ಕೂ ಇಲ್ಲ. ಕೇಳಲು ಇದು ಲಾಭದಾಯಕವೆನಿಸಿದರೂ, ಗಾಳಿಯಂತ್ರ, ಪಂಪು, ಹೊದಿಕೆ ಹಾಳೆಗಳ ಮೇಲೆ ತೆತ್ತ ತೆರಿಗೆಗೆ ಜಮೆ ಸಿಗದೆ ಅದು ವೆಚ್ಚವಾಗಿಯೇ ಉಳಿಯುತ್ತದೆ. ಆಹಾರ ತಯಾರಕನ ಯಂತ್ರೋಪಕರಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇಕಡ 60ರ ಸಹಾಯಧನ ನಿಗದಿಯಾಯಿತು. ಸಹಾಯಧನ ಕೈಸೇರುವವರೆಗೆ ಅದನ್ನು ಬಂಡವಾಳವೆಂದು ಹಿಡಿಯದಿರುವುದೇ ಲೇಸು.

ರಫ್ತಿನ ಮಾತು ಸದ್ಯಕ್ಕೆ ದೂರದ್ದು. ಭಾರತದ ಮೀನು ರಫ್ತಿನ ಮೌಲ್ಯದಲ್ಲಿ ಸಿಂಹಪಾಲು ಸಿಗಡಿಯದು. ವಿದೇಶಿ ಖರೀದಿದಾರನಿಗೆ ಬೇಕಾದುದು ಒಂದೇ ಗಾತ್ರದ, ಮುಳ್ಳು ತೆಗೆದ ತುಂಡುಗಳು, ಅದೂ ವರ್ಷವಿಡೀ. ಚದುರಿದ ಹೊಂಡಗಳಿಂದ ಅದು ಸಾಧ್ಯವಿಲ್ಲ. ಸುಮಾರು 20 ಕಿಲೋಮೀಟರ್ ದೂರದ ಹುಬ್ಬಳ್ಳಿಯೇ ಮೊದಲ ಮಾರುಕಟ್ಟೆ. ಅಲ್ಲಿ ಬಂಗುಡೆ, ರೋಹು, ಕಾಟ್ಲಾಗಳೊಡನೆ ಸ್ಪರ್ಧಿಸಬೇಕು. ಮುಳ್ಳು ಕಡಿಮೆಯಿರುವುದು ಟಿಲಾಪಿಯಾದ ಬಲ.

ಸಾಕಣೆಯ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಆಹಾರದ್ದೇ. ಗೋವಿನಜೋಳ, ಸೇಂಗಾ ಹಿಂಡಿ, ತೌಡು ಧಾರವಾಡ ಜಿಲ್ಲೆಯ ವ್ಯಾಪಾರಿಗಳಿಗೆ ಚಿರಪರಿಚಿತ ಸರಕುಗಳು. ತೇಲುವ ಗುಳಿಗೆ ತಯಾರಿಸುವ ಯಂತ್ರವನ್ನು ಹಾಕುವ ಸಣ್ಣ ಉದ್ಯಮಿಗೆ ಟಿಲಾಪಿಯಾ ಒಂದನ್ನೇ ನಂಬಬೇಕಾಗಿಲ್ಲ, ಕಾಟ್ಲಾ, ರೋಹು ಸಾಕುವವರೂ ಅವನ ಗಿರಾಕಿಗಳೇ. ಯಂತ್ರದ ದರಪಟ್ಟಿ ತರಿಸುವ ಮೊದಲು ಸುತ್ತಲಿನ ತಾಲೂಕುಗಳಲ್ಲಿ ಬೇಸಿಗೆಯಲ್ಲಿಯೂ ನೀರು ನಿಲ್ಲುವ ಕೆರೆಗಳೆಷ್ಟು, ಅವುಗಳಲ್ಲಿ ಮೀನು ಸಾಕುವವರು ಇಂದು ಆಹಾರವನ್ನು ಎಲ್ಲಿಂದ, ಯಾವ ದರಕ್ಕೆ ತರಿಸುತ್ತಿದ್ದಾರೆ ಎಂಬುದನ್ನು ವಿಚಾರಿಸಬೇಕು.