ಡೇಕ್ಚಿ ಕಪ್ಪಾದರೆ ಸೊಸೆಯ ತಪ್ಪೇ?

ರಮಝಾನ್ ಸಮೀಪಿಸುತ್ತಿದ್ದಂತೆ ಅಟ್ಟದ ಮೇಲಿನ ಅಲ್ಯೂಮಿನಿಯಂ ಡೇಕ್ಚಿಗಳು ಕೆಳಗಿಳಿಯುತ್ತವೆ. ಒಳಭಾಗ ಕಪ್ಪಾಗಿದ್ದರೆ 'ಸೊಸೆಗೆ ಪಾತ್ರೆ ತೊಳೆಯಲೂ ಬರುವುದಿಲ್ಲ' ಎಂಬ ಮಾತು ಅಡುಗೆಮನೆಯಿಂದ ಹೊರಟು ನೆಂಟರ ಮನೆ ತಲುಪುತ್ತದೆ. ಪಾಪ, ಆಕೆಯ ತಪ್ಪೇನು? ಬೋರ್‌ವೆಲ್‌ನ ಗಡಸು ನೀರು ಕುದಿಸಿದರೆ, ಮೊಟ್ಟೆ ಬೇಯಿಸಿದರೆ ಅಲ್ಯೂಮಿನಿಯಂ ಕಪ್ಪಾಗುವುದು ಸಹಜ. ಅದು ಕೊಳೆಯೂ ಅಲ್ಲ, ವಿಷವೂ ಅಲ್ಲ.

ಗಾಳಿ ತಾಗಿದೊಡನೆ ಈ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೊಂದು ಮೂಡುತ್ತದೆ. ಪಾತ್ರೆಯನ್ನು ಕಾಯುವುದು ಅದೇ. ಬೂದಿ, ವಾಷಿಂಗ್ ಸೋಡಾ ಹಾಕಿ ತಿಕ್ಕಿದರೆ ಆ ಪದರವೂ ಹೋಗುತ್ತದೆ, ಲೋಹವೂ ಸವೆಯುತ್ತದೆ. ತಾಮ್ರದ ಕೊಡಕ್ಕೆ ಒಗ್ಗುವ ಬೂದಿ ಇದಕ್ಕೆ ಒಗ್ಗದು.

ಹಾಗಾದರೆ ಏನು ಮಾಡಬೇಕು? ಕಲೆ ಮುಳುಗುವಷ್ಟು ನೀರು ತುಂಬಿ, ಎರಡು ಲಿಂಬೆಯ ರಸವನ್ನೋ ಒಂದು ಹಿಡಿ ಹುಣಸೆಹಣ್ಣನ್ನೋ ಹಾಕಿ 10-15 ನಿಮಿಷ ಕುದಿಸಿ. ತಣಿದ ಬಳಿಕ ನೀರು ಚೆಲ್ಲಿ, ಸಾಬೂನು ಹಚ್ಚಿದ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ತೊಳೆಯಿರಿ. ಒದ್ದೆಯಾಗಿಯೇ ಕವುಚಿಡದೆ ಬಟ್ಟೆಯಿಂದ ಒರೆಸಿ. ಹೊರಗಿನ ಮಸಿಯಾದರೆ ಬಿಸಿ ಸಾಬೂನು ನೀರಿನಲ್ಲಿ ನೆನೆಸಿಟ್ಟರೆ ಅರ್ಧ ಕೆಲಸ ಮುಗಿಯಿತು. ಸ್ಟೀಲ್ ಸ್ಕ್ರಬ್ಬರ್ ಬೇಕೇಬೇಕೆನ್ನುವವರು ಅದನ್ನು ಹೊರಮೈಗಷ್ಟೇ ಬಳಸಲಿ.

ಅತ್ತೆಯಂದಿರು ಒಂದು ವಿಷಯಕ್ಕೆ ಮಾತ್ರ ಗದರಿಸಬಹುದು. ಹುಳಿಯು ಕಲೆಯನ್ನು ಕರಗಿಸುವಂತೆ ಲೋಹವನ್ನೂ ತುಸು ಕರಗಿಸುತ್ತದೆ. ಆದ್ದರಿಂದ ಹುಣಸೆ ಹಾಕಿದ ಮೀನುಸಾರು, ಟೊಮೆಟೊ ಮಸಾಲೆಯನ್ನು ಸಹರಿಗಿರಲಿ ಎಂದು ರಾತ್ರಿಯಿಡೀ ಅದೇ ಡೇಕ್ಚಿಯಲ್ಲಿ ಬಿಡಬೇಡಿ. ಸ್ಟೀಲ್ ಪಾತ್ರೆಗೆ ಬಗ್ಗಿಸಿಡಿ.