ಪಾತ್ರ ಕೊಟ್ಟ ಹೆಸರು

ನಟನನ್ನು ಪಾತ್ರದ ಹೆಸರಿನಿಂದ ಕರೆಯುವುದು ನಮ್ಮ ಜನರ ಹಳೆಯ ವಾಡಿಕೆ. ಆದರೆ ಆ ಹೆಸರು ಜನ್ಮನಾಮವನ್ನೇ ಮರೆಸಿಬಿಡುವುದು ಅಪೂರ್ವ. ನೆಲಮಂಗಲದ ಕಡೆಯ ಚಂದ್ರಶೇಖರ್ ಎಂದರೆ ಎಷ್ಟು ಮಂದಿ ಗುರುತು ಹಿಡಿದಾರು? ‘ಮುಖ್ಯಮಂತ್ರಿ ಚಂದ್ರು’ ಎನ್ನಿ, ನಮ್ಮ ಕೊರಟಗೆರೆಯ ಸಂತೆಗೆ ಬಂದ ರೈತನೂ ತಲೆದೂಗುತ್ತಾನೆ.

1980ರಲ್ಲಿ ಬೆಂಗಳೂರಿನ ಕಲಾಗಂಗೋತ್ರಿ ತಂಡವು ಬಿ. ವಿ. ರಾಜಾರಾಂ ಅವರ ನಿರ್ದೇಶನದಲ್ಲಿ ‘ಮುಖ್ಯಮಂತ್ರಿ’ಯನ್ನು ರಂಗಕ್ಕೆ ತಂದಿತು. ಮೂಲ ಚಾಣಕ್ಯ ಸೇನರ ಕಾದಂಬರಿ. ನಾಟಕವನ್ನು ಕನ್ನಡಕ್ಕಿಳಿಸಿದವರು ನಮ್ಮ ತುಮಕೂರು ಜಿಲ್ಲೆಯವರೇ ಆದ ಟಿ. ಎಸ್. ಲೋಹಿತಾಶ್ವ. ಸ್ವಪಕ್ಷೀಯರ ಬಂಡಾಯದ ನಡುವೆ ಕುರ್ಚಿಯನ್ನು ಉಳಿಸಿಕೊಳ್ಳಲು ಹೆಣಗುವ, ನುರಿತ, ವಯಸ್ಸಾದ ರಾಜಕಾರಣಿಯೇ ಕಥಾನಾಯಕ. 1953ರಲ್ಲಿ ಹುಟ್ಟಿದ ಚಂದ್ರು ಅವರಿಗೆ ಆಗ ಇಪ್ಪತ್ತೇಳು. ಮುಪ್ಪನ್ನು ಅಂದು ಎರವಲು ತರಬೇಕಾಗಿತ್ತು. ಪ್ರಯೋಗಗಳು 600ನ್ನು ದಾಟುವ ವೇಳೆಗೆ ಆ ಪ್ರಸಾಧನವನ್ನು ಕಾಲವೇ ಮಾಡಿ ಮುಗಿಸಿತ್ತು.

ನನಗೆ ಹೆಚ್ಚು ಕುತೂಹಲದ ಸಂಗತಿ ಇನ್ನೊಂದು. 1985ರಲ್ಲಿ ಅವರು ನಮ್ಮ ನೆರೆಯ ಗೌರಿಬಿದನೂರಿನಿಂದ ಜನತಾ ಪಕ್ಷದ ಶಾಸಕರಾದರು. ನಿಜದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ; ಸದನದಲ್ಲಿ ಹೆಸರಿಗೊಬ್ಬರು ಮುಖ್ಯಮಂತ್ರಿ! ವಿನೋದವಿರಲಿ. ಅಧಿಕಾರದ ಪಡಸಾಲೆಯನ್ನು ಒಳಗಿನಿಂದ ಕಂಡವರು ಮರಳಿ ಬಂದು ಆಡುವಾಗ ಆ ಮಾತುಗಳು ಹಳೆಯವಾಗಿಯೇ ಉಳಿದಾವೆ? ಒಂದೇ ಪಾತ್ರವನ್ನು ನೂರಾರು ಸಲ ಆಡುವವನನ್ನು ಯಾಂತ್ರಿಕತೆ ಕಾಡುತ್ತದೆಂಬ ವಿಮರ್ಶೆ ಸುಳ್ಳಲ್ಲ. ಆದರೆ ಇಲ್ಲಿ ಬದುಕೇ ಪಾತ್ರಕ್ಕೆ ಹೊಸ ಅರ್ಥವನ್ನು ಒದಗಿಸುತ್ತ ಬಂದಿತು.

ಇದಕ್ಕೆ ತೆತ್ತ ಬೆಲೆಯೂ ಉಂಟು. ಚಲನಚಿತ್ರಗಳಲ್ಲಿ ಎಷ್ಟು ಬಗೆಯ ವೇಷ ಧರಿಸಿದರೂ ಅವರಿಗೆ ಆ ಹೆಸರಿನಿಂದ ಬಿಡುಗಡೆಯಾಗಲಿಲ್ಲ. ನಾಟಕಕ್ಕೂ ಅವರಿಂದ ಬಿಡುಗಡೆಯಿಲ್ಲ: ಬೇರೊಬ್ಬ ನಟ ಆ ಕುರ್ಚಿಯಲ್ಲಿ ಕುಳಿತರೆ, ಪ್ರೇಕ್ಷಕನ ಕಣ್ಣು ಮೊದಲು ಚಂದ್ರು ಅವರನ್ನೇ ಹುಡುಕೀತು.